ತುದಿ ಕಡಿದ ಬೇವು

ಸಿಂಧನೂರು
8 ಡಿಸೆಂಬರ್ 2024

ಅಪ್ಪನಿಗೂ ಅವ್ವನಿಗೂ ದುರುಗೇಶನ ನಮಸ್ಕಾರ.

(ಭಾರತಿ, ಈ ಹಾಳೆಯನ್ನು ಅಪ್ಪನ ಕಿವಿಯ ಹತ್ತಿರ ನಿಂತು ಗಟ್ಟಿಯಾಗಿ ಓದು. ಲಕೋಟೆಯಲ್ಲಿರುವ ಇನ್ನೊಂದು ಹಾಳೆ ನಿನಗೆ ಮಾತ್ರ. ಅದನ್ನು ಮೊದಲೇ ತೆಗೆದಿಟ್ಟುಕೋ.)

ನಾನು ಆರಾಮಾಗಿದ್ದೇನೆ. ಅಪ್ಪ ಬಂದಾಗ ತಂದ ರೊಟ್ಟಿ, ಶೇಂಗಾ ಚಟ್ನಿಯನ್ನು ನಾನು ಬಾಯಿಗಿಡುವ ಮೊದಲೇ ರೂಮಿನ ಹುಡುಗರು ಮುಗಿಸಿದರು. ಎಂ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದೇನೆ. ಮುದಗಲ್ಲಿನ ಶಾಲೆಯವರು ಜೂನ್‌ನಿಂದ ವಿಜ್ಞಾನದ ಮೇಷ್ಟ್ರಾಗಿ ಬಾ, ಬರುವಾಗ ಸರ್ಟಿಫಿಕೇಟ್ ತಾ ಎಂದಿದ್ದಾರೆ. ಇಲ್ಲಿ ಆಫೀಸಿನಲ್ಲಿ ಕೆಲಸ ಹೆಚ್ಚು, ಆದ್ದರಿಂದ ಸರ್ಟಿಫಿಕೇಟ್ ಸ್ವಲ್ಪ ತಡ. ಬಂದ ಕೂಡಲೇ ನಾನೂ ಬರುತ್ತೇನೆ.

ನಿಮ್ಮ ಮಗ,
ದುರುಗೇಶ

ಭಾರತಿಗೆ ಮಾತ್ರ

ಫೋನ್ ಬಿಟ್ಟು ಪತ್ರ ಬರೆಯುತ್ತಿದ್ದಾನೆ ಎಂದು ನಗಬೇಡ. ಅಪ್ಪನಿಗೆ ಕೇಳಿಸಬೇಕೆಂದರೆ ಕಿರುಚಬೇಕು, ಕಿರುಚಿದರೆ ಗುರುಗುಂಟಾದ ಬಸ್ ಸ್ಟ್ಯಾಂಡಿನವರೆಗೂ ಸುದ್ದಿ ಹೋಗುತ್ತದೆ. ನಿನಗೆ ಗುಟ್ಟಾಗಿ ಹೇಳೋಣವೆಂದರೆ ಮನೆಯಲ್ಲಿರುವ ಒಂದೇ ಫೋನು ಅವ್ವನ ಕೈಯಲ್ಲಿ. ಅವಳು ಸ್ಪೀಕರ್ ಹಾಕದೆ ಮಾತಾಡಿದ್ದು ನಾನಂತೂ ಕಾಣೆ.

ವಿಷಯ ಇದು. ಸರ್ಟಿಫಿಕೇಟ್ ತಡವಾಗಿಲ್ಲ, ತಡೆಹಿಡಿದಿದ್ದಾರೆ. ಈ ವಿಶ್ವವಿದ್ಯಾಲಯಕ್ಕೆ ಸೇರಿದ ದಿನ ಪ್ರತಿಯೊಬ್ಬರಿಗೂ ಒಂದು ಸಸಿ ಕೊಡುತ್ತಾರೆ. ಅದರ ಪಕ್ಕ ಒಂದು ಬಿದಿರಿನ ಕೋಲು ನೆಟ್ಟು, ಆಳೆತ್ತರದಲ್ಲಿ ಹಸಿರು ಗೆರೆ ಎಳೆಯುತ್ತಾರೆ. ಓದು ಮುಗಿದಾಗ ಗಿಡ ಆ ಗೆರೆ ದಾಟಿರಬೇಕು, ಆಗಲೇ ಸರ್ಟಿಫಿಕೇಟ್. ಕೇಳಿದರೆ ತಮಾಷೆ ಅನ್ನಿಸುತ್ತದೆ, ಆದರೆ ನಾನು ಆ ನಿಯಮವನ್ನು ಬಯ್ಯಲಾರೆ. ಕಾಲುವೆ ನೀರು ನಿಂತು ನಿಂತು ಈ ಜಾಗವೆಲ್ಲ ಸವಳಾಗಿತ್ತಂತೆ, ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣುತ್ತಿತ್ತಂತೆ. ಬಂದವರೆಲ್ಲ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಹೋದರು, ಸಸಿ ಒಂದೂ ಉಳಿಯಲಿಲ್ಲ. ನಿಶಾತ್ ಮೇಡಂ ಹಸಿರು ವಿಭಾಗಕ್ಕೆ ಬಂದು ಈ ನಿಯಮ ಮಾಡಿದ ಮೇಲೆಯೇ ಇಲ್ಲಿ ನೆರಳು ಬಂದದ್ದು. ಆಳೆತ್ತರ ಬೆಳೆದ ಗಿಡದ ಬೇರು ಉಪ್ಪಿನ ಕೆಳಗಿನ ಮಣ್ಣು ಮುಟ್ಟಿರುತ್ತದೆ, ಆಮೇಲೆ ಅದು ಸಾಯುವುದಿಲ್ಲ ಎನ್ನುತ್ತಾರೆ.

ನನ್ನ ಬೇವು ಗೆರೆಗಿಂತ ಒಂದು ಗೇಣು ಮೇಲಿತ್ತು. ಅಳತೆ ಇನ್ನೇನು ಆಗಬೇಕು, ಅಪ್ಪ ಕುರಿ ಹಿಂಡನ್ನು ಇತ್ತ ಹೊಡೆದುಕೊಂಡು ಬಂದ. "ನಿನ್ನ ಗಿಡ ಎಲ್ಲೈತಿ, ತೋರಸಲೇ" ಅಂದ. ತೋರಿಸಿ, ನೀರು ತರಲು ಒಳಗೆ ಹೋದೆ. ಚೆಂಬು ಹಿಡಿದು ಬರುವಷ್ಟರಲ್ಲಿ ಕಂಬಳಿಯೊಳಗಿನ ಕುಡಗೋಲು ಹೊರಗೆ ಬಂದು ಕೆಲಸ ಮುಗಿಸಿತ್ತು. "ತುದಿ ಕಡದೀನಿ. ಇನ್ನ ನೋಡು, ನಾಕೂ ಕಡೆ ಹೆಂಗ ಒಡೀತೈತಿ!" ಅಂದ. ಹೊಲದ ಬದುವಿನಲ್ಲಿ ಸೊಪ್ಪಿಗೆಂದು ಬೆಳೆಸುವ ಗಿಡಕ್ಕೆ ಮಾಡುವಂತೆಯೇ ಮಾಡಿದ್ದ, ಅಷ್ಟೇ ಪ್ರೀತಿಯಿಂದ. ಕಡಿದ ಸೊಪ್ಪನ್ನು ಗೇಟಿನ ಹೊರಗೆ ಕಟ್ಟಿದ್ದ ಆಡಿನ ಮರಿಗೆ ಹಾಕಿದ. ನನ್ನ ಎರಡು ವರ್ಷ ಅದರ ಹೊಟ್ಟೆಗೆ ಹೋಯಿತು.

ಗಾಳಿಗೆ ಮುರಿಯಿತು ಎಂದು ಮೇಡಂಗೆ ಸುಳ್ಳು ಹೇಳಿದೆ. ಇಲ್ಲಿ ಗಿಡ ಕಡಿದವರ ಫೋಟೋವನ್ನು ಗೇಟಿನ ಬೋರ್ಡಿಗೆ ಅಂಟಿಸುತ್ತಾರೆ, ಮತ್ತೆ ಒಳಗೆ ಬಿಡುವುದಿಲ್ಲ. ಅಪ್ಪನ ಮುಖ ಅಲ್ಲಿ ಬರುವುದು ನನಗೆ ಬೇಡ. ತನ್ನ ಕೈಯಿಂದಲೇ ಮಗನ ನೌಕರಿಗೆ ಕಲ್ಲು ಬಿತ್ತು ಎಂದು ಅವನಿಗೆ ತಿಳಿಯುವುದೂ ಬೇಡ. ತಿಳಿದರೆ ಊಟ ಬಿಡುತ್ತಾನೆ.

ಮುಂದಿನ ಅಳತೆ ಏಪ್ರಿಲ್‌ನಲ್ಲಿ. ಅಲ್ಲಿಯವರೆಗೆ ಹಾಸ್ಟೆಲ್ಲಿನಲ್ಲೇ ಇರು, ಊಟಕ್ಕೆ ಬದಲು ನರ್ಸರಿಯಲ್ಲಿ ಕೆಲಸ ಮಾಡು ಎಂದಿದ್ದಾರೆ. ಎರಡನೆಯ ಭತ್ತ ಕೊಯ್ದ ಗದ್ದೆಗಳಿಗೆ ಅಪ್ಪ ಕುರಿ ಹೊಡೆದುಕೊಂಡು ಬರುವುದೂ ಆಗಲೇ. ಅಷ್ಟರೊಳಗೆ ನೀನು ಅವನಿಗೆ ಒಂದು ಮಾತು ಹೇಳಬೇಕು: ದುರುಗೇಶನ ಬೇವಿನಲ್ಲಿ ದುರುಗಮ್ಮ ಬಂದು ನೆಲೆಸಿದ್ದಾಳೆ, ಕುಡಗೋಲು ತಾಗಿಸಬಾರದು. ನಾನು ಹೇಳಿದರೆ ನಗುತ್ತಾನೆ, ನೀನು ಹೇಳಿದರೆ ನಂಬುತ್ತಾನೆ.

ಗಿಡಕ್ಕೆ ಕಟ್ಟಿಹಾಕಿಸಿಕೊಂಡ ನಿನ್ನ ಅಣ್ಣ,
ದುರುಗೇಶ

ಗುರುಗುಂಟಾ
22 ಡಿಸೆಂಬರ್ 2024

ಅಣ್ಣ,

ಅಪ್ಪ ಹಿಂಡನ್ನು ಕಾಕಾನಿಗೆ ಒಪ್ಪಿಸಿ ಮನೆಗೆ ಬಂದಿದ್ದಾನೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕಂತೆ, ಬರೆಯುತ್ತಿದ್ದೇನೆ.

"ಲೇ ದುರುಗ್ಯಾ, ನೀ ಪಾಸಾಗಿದ್ದಕ್ಕ ಓಣಿಗೆಲ್ಲ ಸಕ್ಕರಿ ಹಂಚೀನಿ. ಸರ್ಟಿಫಿಕೇಟ್ ಜಲ್ದಿ ತಗೊಂಡು ಬಾ. ಮುದಗಲ್ಲಿನ ನಿಮ್ಮ ಮಾವಗ ಮಾತು ಕೊಟ್ಟೀನಿ. ನಿನ್ನ ನೌಕರಿ ಆದ ತಿಂಗಳದಾಗ ಭಾರತೀನ ಅವನ ಮಗಗ ಕೊಡೂದು. ಹುಡುಗ ಟ್ರ್ಯಾಕ್ಟರ್ ಇಟ್ಟಾನ, ಚಲೋ ದುಡೀತಾನ. ನೀನೂ ಅಲ್ಲೇ, ಅಕಿನೂ ಅಲ್ಲೇ. ನಾ ಒಂದ ಬಸ್ ಹತ್ತಿದ್ರ ಇಬ್ಬರನೂ ನೋಡ್ಕೊಂಡು ಬರ್ತೀನಿ. ನಿನ್ನ ಗಿಡ ಕವಲು ಒಡದೈತೇನು? ಮುಂದ ಬಂದಾಗ ನೋಡ್ತೀನಿ."

ಅಪ್ಪನ ಮಾತು ಇಲ್ಲಿಗೆ ಮುಗಿಯಿತು. "ಹುಡುಗ ಚಲೋ ದುಡೀತಾನ" ಎಂಬುದನ್ನು ನನ್ನ ಕೈಯಿಂದಲೇ ಬರೆಸಿದ್ದಾನೆ, ನೋಡು.

ನಿನ್ನ ಇನ್ನೊಂದು ಹಾಳೆ ಓದಿದೆ. ಮೊದಲು ನಕ್ಕೆ, ಆಮೇಲೆ ನಗು ಬರಲಿಲ್ಲ. ದುರುಗಮ್ಮನ ವಿಷಯ ನೋಡುತ್ತೇನೆ.

ತಂಗಿ,
ಭಾರತಿ

ಸಿಂಧನೂರು
16 ಮಾರ್ಚ್ 2025

ಭಾರತಿ,

ಇಲ್ಲಿ ನಾನು ದೊಡ್ಡ ಮನುಷ್ಯನಾಗಿದ್ದೇನೆ. ಹೋದ ವಾರ ಹಸಿರು ಕ್ಯಾಂಪಸ್ಸುಗಳನ್ನು ನೋಡಿ ಅಂಕ ಕೊಡುವ ತಂಡ ಬಂದಿತ್ತು. ಹಾಸ್ಟೆಲ್ಲಿನ ಸ್ನಾನದ ನೀರು ಜಲ್ಲಿಯ ಗುಂಡಿಯಲ್ಲಿ ಸೋಸಿ ಗಿಡಗಳಿಗೆ ಹೋಗುವುದನ್ನು ನೋಡಿದರು. ಸುತ್ತಲಿನ ರೈತರು ಸುಟ್ಟುಹಾಕುತ್ತಿದ್ದ ಭತ್ತದ ಹುಲ್ಲನ್ನು ನಾವು ತಂದು ಬುಡಕ್ಕೆ ಹೊದಿಸಿದ್ದನ್ನು ನೋಡಿದರು. ಹುಲ್ಲು ಎತ್ತಿ ನೋಡಿದರೆ ಅಡಿಯಲ್ಲಿ ಎರೆಹುಳು ಇದ್ದವು. ಸವಳಿನಲ್ಲಿ ಎರೆಹುಳು ಎಂದರೆ ಸಣ್ಣ ಮಾತಲ್ಲ, ಆ ತಂಡದಲ್ಲಿದ್ದ ಒಬ್ಬ ಹಿರಿಯರು ಕುಳಿತು ಮಣ್ಣು ಮುಟ್ಟಿ ಮುಟ್ಟಿ ನೋಡಿದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಿಶಾತ್ ಮೇಡಂ ನನ್ನನ್ನು ಮುಂದಕ್ಕೆ ಕರೆದು, "ಓದು ಮುಗಿದರೂ ಗಿಡ ಬಿಟ್ಟು ಹೋಗದೆ ಉಳಿದ ಹುಡುಗ ಇವನು" ಎಂದು ಪರಿಚಯ ಮಾಡಿಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಲ್ಲು ಕಿರಿದು ನಿಂತೆ. ಈಗ ಆ ಫೋಟೋ ಗೇಟಿನ ಹತ್ತಿರ ದೊಡ್ಡದಾಗಿ ನಿಂತಿದೆ, ಕೆಳಗೆ "ಗಿಡಪ್ರೇಮಿ" ಎಂದು ಬರೆದಿದ್ದಾರೆ. ಗೇಟು ಇಡೀ ದಿನ ತೆರೆದೇ ಇರುತ್ತದೆ. ನನ್ನನ್ನು ಯಾರೂ ಹಿಡಿದಿಲ್ಲ. ಹೊರಗೆ ಹೋಗಿ ನಮ್ಮೂರ ದಾರಿಯ ಮಸ್ಕಿ ಬಸ್ ಬರುವವರೆಗೆ ನಿಂತು, ಅದು ಹೋದ ಮೇಲೆ ವಾಪಸ್ ಬರುತ್ತೇನೆ. ಕಾಗದವಿಲ್ಲದೆ ಎಲ್ಲಿಗೆ ಹೋಗಲಿ? ನನ್ನ ರೂಮಿನ ಜಾಹೀದನ ಹೊಂಗೆ ಗೆರೆ ದಾಟಿತು, ಅವನು ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕೆ ಸೇರಿ ಆಯಿತು. ಅವನ ಮಂಚದ ಮೇಲೆ ಈಗ ಹೊಸ ಹುಡುಗ ಮಲಗುತ್ತಾನೆ. ನನ್ನನ್ನು "ಸರ್" ಎನ್ನುತ್ತಾನೆ, ಮೈ ಉರಿಯುತ್ತದೆ.

ಬೇವು ಚಿಗುರಿದೆ. ನಡುವಿನ ಚಿಗುರೊಂದು ನೇರ ಏಳುತ್ತಿದೆ, ಹಳೆಯ ಲುಂಗಿಯ ಚೂರಿನಿಂದ ಅದನ್ನು ಕೋಲಿಗೆ ಕಟ್ಟಿದ್ದೇನೆ. ಇನ್ನು ನಾಲ್ಕು ಬೆರಳು ಏರಿದರೆ ಗೆರೆ ಸಿಗುತ್ತದೆ. ಅಪ್ಪನಿಗೆ ದುರುಗಮ್ಮನ ವಿಷಯ ಹೇಳಿದೆಯಾ? ನೀನು ಏನೂ ಬರೆದಿಲ್ಲ.

ದುರುಗೇಶ

ಗುರುಗುಂಟಾ
30 ಮಾರ್ಚ್ 2025

ಅಣ್ಣ,

ಅಪ್ಪ ಇನ್ನು ಸ್ವಲ್ಪ ದಿನದಲ್ಲಿ ಮಸ್ಕಿ ದಾರಿ ಹಿಡಿಯುತ್ತಾನೆ. ನಿನಗೆ ರೊಟ್ಟಿ ಬಡಿಯಲು ಅವ್ವ ಈಗಲೇ ಜೋಳ ಬೀಸಿಸಿ ಇಟ್ಟಿದ್ದಾಳೆ.

ಮಾವನ ಮನೆಯವರು ಬಂದು ನನ್ನ ಕೈಬಳೆಯ ಅಳತೆ ತೆಗೆದುಕೊಂಡು ಹೋದರು. ಎಲ್ಲಿ ನೋಡಿದರೂ ಅಳತೆಯೇ ಆಗಿದೆ. ಡಿಗ್ರಿ ಮುಗಿಸಿದ ಹುಡುಗಿ ಎಂದು ಅತ್ತೆಗೆ ಹೆಮ್ಮೆ. ಲಿಂಗಸುಗೂರು ಕಾಲೇಜಿನಲ್ಲಿ ನಾನು ಏನು ಓದಿದೆ ಎಂದು ಮಾತ್ರ ಕೇಳಲಿಲ್ಲ, ಸಗಣಿ ಬಳಿಯಲು ಬರುತ್ತದಾ ಎಂದು ಕೇಳಿದರು.

ನಿಮ್ಮಲ್ಲಿ ಹುಡುಗಿಯರ ಹಾಸ್ಟೆಲ್ ಇದೆಯಾ? ಅವರಿಗೂ ಗಿಡ ಕೊಡುತ್ತಾರಾ? ಗಿಡ ಬೆಳೆಯುವ ಮೊದಲೇ ಮನೆಯವರು ಬಂದು ಕರೆದರೆ ಬಿಟ್ಟುಕೊಡುತ್ತಾರಾ? ಸುಮ್ಮನೆ ಕೇಳಿದೆ.

ಭಾರತಿ

ಸಿಂಧನೂರು
27 ಏಪ್ರಿಲ್ 2025

ಭಾರತಿ,

ಇದನ್ನು ಯಾರಿಗೂ ಓದಿ ಹೇಳಬೇಡ.

ಅಳತೆಯ ಹಿಂದಿನ ದಿನ ಮೇಡಂ ನನ್ನನ್ನು ಸಸಿ ತರಲು ಊರೊಳಗೆ ಕಳಿಸಿದ್ದರು. ನಾನು ವಾಪಸ್ ಬಂದಾಗ ಅಪ್ಪ ನನ್ನ ಗಿಡದ ಪಕ್ಕ ಕುಳಿತು ಕುಡಗೋಲು ಒರೆಸುತ್ತಿದ್ದ. ಲುಂಗಿಯ ಚೂರು ನೆಲದ ಮೇಲಿತ್ತು. "ನಡುವಿನ ಕುಡಿ ಒಂದ ಭಾಳ ಸೊಕ್ಕೇರಿತ್ತು. ಅದನ್ನ ಬಿಟ್ರ ಉಳಿದ ಕವಲಿಗೆ ಬಲಾ ಬರಂಗಿಲ್ಲ" ಅಂದ.

ನಾನು ಅವನ ಕಿವಿಗೆ ಬಾಯಿ ಹಚ್ಚಿ ಕೇಳಿದೆ. "ಅಪ್ಪಾ, ಭಾರತಿ ನಿನಗ ಈ ಗಿಡದ ಬಗ್ಗೆ ಏನೂ ಹೇಳಿಲ್ಲೇನು?"

"ಹೇಳ್ಯಾಳ. ಅಣ್ಣ ಗಿಡಾ ಚಲೋ ನೋಡ್ಕೊಂಡಾನ ಅಂತ ಹೇಳ್ಯಾಳ."

"ದುರುಗಮ್ಮನ ಮಾತು ಹೇಳಲಿಲ್ಲೇನು?"

"ಯಾವ ದುರುಗಮ್ಮ? ಬೇವಿನ್ಯಾಗ ದುರುಗಮ್ಮ ಅದಾಳಂದ್ರ ನಾ ಕುಡಗೋಲು ಹಚ್ತಿದ್ನೇನಲೇ!"

ಆಗಲಾದರೂ ನಾನೇ ಹೇಳಬಹುದಿತ್ತು. ಬಾಯಿ ತೆರೆದೆ. ಆ ಬೋಳು ಗಿಡವನ್ನು ಅವನು ಎಷ್ಟು ಖುಷಿಯಿಂದ ನೋಡುತ್ತಿದ್ದನೆಂದರೆ, ನಾನು ರೊಟ್ಟಿಯ ಗಂಟು ಬಿಚ್ಚಿ ತಿನ್ನತೊಡಗಿದೆ. ಅವನೇ ಮಾತು ಮುಂದುವರಿಸಿ ನಿನ್ನ ಸೀರೆಯ ಬಣ್ಣ ಹೇಳಿದ, ಮಾವ ಪೆಂಡಾಲಿಗೆ ಅಡ್ವಾನ್ಸ್ ಕೊಟ್ಟದ್ದನ್ನು ಹೇಳಿದ. "ನಿನ್ನ ಸರ್ಟಿಫಿಕೇಟ್ ಒಂದ ಬರವಲ್ದು ನೋಡು" ಅಂದ.

ಅವನು ಹೋದ ಮೇಲೆ ನಿನ್ನ ಪತ್ರಗಳನ್ನು ಮತ್ತೆ ಓದಿದೆ. ನಾನು ಪೆದ್ದ ಇರಬಹುದು, ಅಷ್ಟೊಂದು ಪೆದ್ದನಲ್ಲ. ನಾನು ಮತ್ತೆ ಆಗಸ್ಟ್‌ವರೆಗೆ ಇಲ್ಲೇ. ಮುದಗಲ್ಲಿನ ಶಾಲೆ ಜೂನ್‌ಗೆ ಶುರು. ನೀನು ಬೇಕೆಂದೇ ಹೇಳಲಿಲ್ಲ, ಹೌದಾ ಅಲ್ವಾ?

ದುರುಗೇಶ

ಗುರುಗುಂಟಾ
5 ಮೇ 2025

ಹೌದು, ಹೇಳಲಿಲ್ಲ.

ಎಷ್ಟೋ ಸಲ ಅಪ್ಪನ ಕಿವಿಯ ಹತ್ತಿರ ಹೋಗಿ ನಿಂತೆ. ಮಾತು ನಾಲಿಗೆಯ ಮೇಲಿತ್ತು. ನಿನ್ನ ಬೇವು ಗೆರೆ ದಾಟಿದರೆ ನಿನಗೆ ಸರ್ಟಿಫಿಕೇಟ್, ಅದೇ ತಿಂಗಳು ನನಗೆ ತಾಳಿ. ಅದು ನಿನಗೂ ಗೊತ್ತಿತ್ತು. ಅಪ್ಪ ಹೇಳಿದ ಆ ಸಾಲುಗಳನ್ನು ನಾನೇ ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದೆ. ನಿನ್ನ ಉತ್ತರದಲ್ಲಿ ಎರೆಹುಳು ಇತ್ತು, ಲುಂಗಿಯ ಚೂರು ಇತ್ತು, ನಿನ್ನ ಫೋಟೋ ಇತ್ತು. ಭಾರತಿ, ನಿನಗೆ ಈ ಮದುವೆ ಬೇಕಾ ಎಂಬ ಒಂದು ಮಾತು ಇರಲಿಲ್ಲ. ಬಳೆಯ ಅಳತೆ ತೆಗೆದುಕೊಂಡರು ಎಂದು ಬರೆದೆ. ಅದಕ್ಕೂ ನಿನ್ನ ಉತ್ತರ ಗಿಡದ ಬಗ್ಗೆಯೇ ಬಂತು.

ನನಗೆ ಮುಂದೆ ಓದಬೇಕು. ಮಾವನ ಮಗ ಕೆಟ್ಟವನಲ್ಲ, ಆದರೆ ನನಗೆ ಅವನು ಬೇಡ. ಇದನ್ನು ಅಪ್ಪನಿಗೆ ಹೇಳಲು ನನ್ನಿಂದಾಗಲಿಲ್ಲ, ಅವ್ವನಿಗೆ ಹೇಳಿದರೆ ಅವಳ ತಮ್ಮನ ಮಗನಿಗೆ ಏನು ಕಡಿಮೆ ಎಂದು ಜಗಳ. ನಾನು ಮಾಡಬಹುದಾಗಿದ್ದುದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಅದನ್ನು ಮಾಡಿದೆ. ನೀನು ಅಲ್ಲಿ ಸಿಕ್ಕಿಬಿದ್ದಷ್ಟು ದಿನ ನಾನು ಇಲ್ಲಿ ಪಾರಾಗಿದ್ದೆ. ಅದರಿಂದ ನಿನಗೆ ಅನ್ಯಾಯವಾಯಿತು, ಅದೂ ಖರೆ.

ನಿನ್ನ ಮೇಲೆ ಸಿಟ್ಟಿಲ್ಲ ಎಂದು ಬರೆಯಬೇಕೆಂದುಕೊಂಡೆ. ಇದೆ.

ಭಾರತಿ

ಸಿಂಧನೂರು
12 ಜೂನ್ 2025

ಅಪ್ಪನಿಗೆ,

ಭಾರತಿ, ಈ ಸಲ ಒಂದೇ ಹಾಳೆ. ಒಂದು ಶಬ್ದವನ್ನೂ ಬಿಡದೆ ಓದು. ಅವ್ವನನ್ನೂ ಕೂರಿಸಿಕೋ.

ಅಪ್ಪಾ, ಮುದಗಲ್ಲಿನ ಶಾಲೆಯವರು ಬೇರೆಯವರನ್ನು ತೆಗೆದುಕೊಂಡರು. ಆಫೀಸಿನಲ್ಲಿ ಕೆಲಸ ಹೆಚ್ಚು ಎಂದು ನಾನು ಬರೆದದ್ದು ಸುಳ್ಳು. ಇಲ್ಲಿ ಗಿಡ ಕೋಲಿನ ಗೆರೆ ದಾಟದೆ ಸರ್ಟಿಫಿಕೇಟ್ ಕೊಡುವುದಿಲ್ಲ. ನನ್ನ ಬೇವು ದಾಟಿತ್ತು, ನೀನು ತುದಿ ಕಡಿದೆ. ಮತ್ತೆ ಬೆಳೆಯಿತು, ಮತ್ತೆ ಕಡಿದೆ. ನಿನಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಭಾರತಿಗೆ ಹೇಳಿಸೋಣವೆಂದು ಅವಳ ತಲೆಯ ಮೇಲೆ ಹೊರೆ ಹೊರಿಸಿದೆ. ಅವಳೂ ಹೇಳಲಿಲ್ಲ. ಯಾಕೆಂದರೆ ನನ್ನ ನೌಕರಿ ಆದರೆ ಅವಳ ಮದುವೆ, ಅವಳಿಗೆ ಆ ಮದುವೆ ಬೇಡ. ಅವಳಿಗೆ ಓದಬೇಕು. ಇದನ್ನು ಓದುವಾಗ ಅವಳ ದನಿ ನಡುಗಿದರೆ ಬಯ್ಯಬೇಡ, ನಾನೇ ಓದಿಸುತ್ತಿದ್ದೇನೆ.

ನನಗೆ ಈ ಗಿಡದಿಂದ ನೌಕರಿ ಹೋಯಿತು. ಅವಳನ್ನು ಇಲ್ಲಿಗೆ ಸೇರಿಸಿದರೆ ಅವಳಿಗೂ ಒಂದು ಸಸಿ ಕೊಡುತ್ತಾರೆ. ಅದು ಆಳೆತ್ತರ ಆಗುವವರೆಗೆ ಅವಳು ಇಲ್ಲಿಂದ ಬರುವಂತಿಲ್ಲ, ಮಾವನಿಗೆ ಹಾಗೆಂದು ಹೇಳಬಹುದು. ನನ್ನನ್ನು ಕಟ್ಟಿಹಾಕಿದ ನಿಯಮ ಅವಳನ್ನಾದರೂ ಕಾಯಲಿ. ಅರ್ಜಿ ಆಗಸ್ಟ್‌ನಲ್ಲಿ ಕರೆಯುತ್ತಾರೆ. ನಿನ್ನ ಜವಾಬು ಏನೇ ಇರಲಿ, ಬರೆಸು.

ದುರುಗೇಶ

ಗುರುಗುಂಟಾ
25 ಜೂನ್ 2025

ಅಣ್ಣ,

ಓದಿದೆ. ಓದಿ ಮುಗಿಸಿದಾಗ ಅಪ್ಪ, "ಇನ್ನೊಮ್ಮೆ ಓದು" ಅಂದ. ಎರಡನೆಯ ಸಲ ನನ್ನಿಂದ ಗಟ್ಟಿಯಾಗಿ ಓದಲಾಗಲಿಲ್ಲ. ಆದರೂ ಅವನಿಗೆ ಕೇಳಿಸಿತು. "ನನ್ನ ಕೈಲೇ ಎರಡು ಸಲ ಏನು?" ಎಂದು ಕೇಳಿದ. ಹೂಂ ಅಂದೆ. ಎದ್ದು ಕುರಿಹಟ್ಟಿಗೆ ಹೋದ, ಊಟಕ್ಕೆ ಕರೆದರೂ ಬರಲಿಲ್ಲ.

ಬೆಳಿಗ್ಗೆ ಒಗೆದ ಧೋತರ ಉಟ್ಟು ಮುದಗಲ್ ಬಸ್ ಹತ್ತಿದ. ಬಂದ ಮೇಲೆ ನನ್ನನ್ನು ಕೂರಿಸಿ ಬರೆಸಿದ್ದು ಇದು:

"ದುರುಗ್ಯಾ, ನಿನಗ ಏನ್ ಬರಸಬೇಕಂತ ತಿಳಿವಲ್ದು. ಕಡಿಯಾಕ ಮುಂಚೆ ಒಂದ ಮಾತು ಕೇಳಬೇಕಿತ್ತು, ಕೇಳಲಿಲ್ಲ. ನಿನ್ನ ಗಿಡದ್ದೂ ಕೇಳಲಿಲ್ಲ, ಈ ಹುಡುಗೀದೂ ಕೇಳಲಿಲ್ಲ. ನಿಮ್ಮ ಮಾವ ಕುಂದರಸಿ ಚಾ ಕೊಟ್ಟ. ನಮ್ಮ ಹುಡುಗಿ ಓದಾಕ ಹೊಂಟಾಳ, ಅಕಿ ಗಿಡಾ ಆಳೆತ್ತರ ಆಗೂಮಟ ಮದುವಿ ಮಾತಿಲ್ಲ ಅಂದೆ. ಗಿಡಾ ಬೆಳೀಲಿಲ್ಲಂದ್ರ? ಅಂದ. ಬೆಳೀಲಿಲ್ಲಂದ್ರ ಇಲ್ಲ ಅಂದೆ. ಅರ್ಧ ಚಾ ಬಿಟ್ಟು ಎದ್ದು ಒಳಗ ಹೋದ. ಹೋದ್ರ ಹೋಗ್ಲಿ."

ಅವ್ವ ಅಪ್ಪನ ಜೊತೆ ಮಾತು ಬಿಟ್ಟಿದ್ದಾಳೆ, ನನ್ನ ಜೊತೆಯೂ. ತವರಿನ ಬಾಗಿಲು ಮುಚ್ಚಿಸಿದಿರಿ ಎಂದು ಅಳುತ್ತಾಳೆ. ನಾನು ಹಿಟ್ಟು ನಾದಿದರೆ ಆ ರೊಟ್ಟಿ ಮುಟ್ಟುವುದಿಲ್ಲ. ಖುಷಿ ಪಡಬೇಕೋ ಬೇಡವೋ ತಿಳಿಯುತ್ತಿಲ್ಲ.

ಅಪ್ಪ ನಿಮ್ಮ ಮೇಡಂ ಹತ್ತಿರ ಬಂದು ತಾನೇ ಕಡಿದದ್ದು ಎಂದು ಹೇಳುತ್ತಾನಂತೆ. ಫೋಟೋ ಹಾಕುತ್ತಾರೆ ಎಂದು ಹೆದರಿಸಿದೆ. ಹಾಕಲಿ ಅಂದ.

ಭಾರತಿ

ಹುಡುಗಿಯರ ಹಾಸ್ಟೆಲ್, ಸಿಂಧನೂರು
14 ಡಿಸೆಂಬರ್ 2025

ಅಣ್ಣ,

ಲಿಂಗಸುಗೂರಿನ ಶಾಲೆಯಲ್ಲಿ ಮಕ್ಕಳು ನಿನ್ನನ್ನು "ಸರ್" ಎಂದಾಗ ಈಗಲೂ ಮೈ ಉರಿಯುತ್ತದಾ? ಆಗಸ್ಟ್‌ನಲ್ಲಿ ಗೆರೆಗಿಂತ ಎರಡು ಬೆರಳು ಮೇಲೆ ಬಂದು ಸರ್ಟಿಫಿಕೇಟ್ ಕೊಡಿಸಿದ ನಿನ್ನ ಬೇವು ಈಗ ಇನ್ನೂ ಎತ್ತರವಾಗಿದೆ. ನೀನು ಮತ್ತೆ ಕಟ್ಟಿದ ಲುಂಗಿಯ ಚೂರು ಇನ್ನೂ ಇದೆ. ಸಾಯಂಕಾಲ ಅದರ ಕೆಳಗೆ ಕುಳಿತು ಓದುತ್ತೇನೆ. ಅವ್ವ ಫೋನ್ ಮಾಡಿದ್ದಳು. ನನ್ನ ಜೊತೆ ಮಾತಾಡಲಿಲ್ಲ, ಊಟ ಸರಿಯಾಗಿ ಹಾಕುತ್ತಾರಾ ಎಂದು ವಾರ್ಡನ್ ಹತ್ತಿರ ಕೇಳಿ ಇಟ್ಟಳು. ಸ್ಪೀಕರ್ ಹಾಕಿಯೇ ಕೇಳಿದ್ದಾಳೆ, ಹಿಂದೆ ಕುರಿ ಕೂಗುವುದು ಕೇಳಿಸಿತಂತೆ.

ಗೇಟಿನಲ್ಲಿ ನಿನ್ನ ಫೋಟೋ ಒಂದು ಕಡೆ, ಅಪ್ಪನ ಫೋಟೋ ಇನ್ನೊಂದು ಕಡೆ ಇವೆ. ಜುಲೈನಲ್ಲಿ ಒಪ್ಪಿಕೊಂಡದ್ದಕ್ಕೆ ಮೇಡಂ ಅವನಿಗೆ ಚಹ ಕೊಟ್ಟರು, ಬೋರ್ಡಿಗೆ ಹಾಕುವುದನ್ನು ಮಾತ್ರ ಬಿಡಲಿಲ್ಲ. ಅಪ್ಪನಿಗೆ ಅದರಿಂದ ಬೇಸರವೇ ಇಲ್ಲ. ಜೊತೆಗೆ ಬಂದ ಕುರುಬರನ್ನೆಲ್ಲ ಕರೆತಂದು, "ಯೂನಿವರ್ಸಿಟಿಯವ್ರು ನನ್ನ ಫೋಟೋ ಹಾಕ್ಯಾರ" ಎಂದು ತೋರಿಸುತ್ತಾನೆ.

ಅವನು ಒಳಗೆ ಬರುವಂತಿಲ್ಲವಲ್ಲ, ಅದಕ್ಕೇ ನನ್ನ ಸಸಿಗೆ ತಂತಿ ಬೇಲಿಯ ಪಕ್ಕದ ಜಾಗ ಕೇಳಿ ತೆಗೆದುಕೊಂಡಿದ್ದೆ. ನಿನ್ನೆ ಕುರಿಗಳನ್ನು ಗದ್ದೆಗೆ ಬಿಟ್ಟು ಬೇಲಿಯ ಆಚೆ ಬಂದು ಕುಳಿತ. ರೊಟ್ಟಿಯ ಗಂಟು ತಂತಿಯ ಸಂದಿನಿಂದ ಕೊಟ್ಟ. ಯಾರು ಬಡಿದದ್ದು ಎಂದು ಗಟ್ಟಿಯಾಗಿ ಕೇಳಿದೆ, ಅವ್ವನೇ ಅಂದ. ಆಮೇಲೆ ನನ್ನ ಗಿಡವನ್ನು ಬುಡದಿಂದ ತುದಿಯವರೆಗೆ ನೋಡಿದ. ಅದಿನ್ನೂ ಮೊಣಕಾಲೆತ್ತರ.

"ಭಾರತಿ, ಇದು ಆ ಗೆರೀಗೆ ಮುಟ್ಟಿದ್ರ ನಿಮ್ಮ ಮಾವ ಮತ್ತ ಬರ್ತಾನ. ಹೇಳಿ ಕಳಿಸ್ಯಾನ" ಅಂದ. ಹೂಂ ಅಂದೆ. ಕಂಬಳಿಯೊಳಗೆ ಕೈ ಹಾಕಿ ಕುಡಗೋಲು ತೆಗೆದ. ನಾನು ಗಿಡಕ್ಕೆ ಕೈ ಅಡ್ಡ ಹಿಡಿದೆ. ಅವನು ಅದರ ಹಿಡಿಯನ್ನು ನನ್ನ ಕಡೆ ತಿರುಗಿಸಿ ತಂತಿಯೊಳಗೆ ತೂರಿಸಿದ.

"ಇದು ನಿನ್ನ ಕಡೆ ಇರ್ಲಿ. ಬರಬೇಕು ಅನಿಸಿದ್ರ ಬೆಳೆಯಾಕ ಬಿಡು. ಇನ್ನಾ ಇರಬೇಕು ಅನಿಸಿದ್ರ, ತುದಿ ಎಲ್ಲಿ ಕಡೀಬೇಕಂತ ತೋರಸ್ತೀನಿ, ನೋಡ್ಕೋ."

ಬೆರಳು ಚಾಚಿ ತೋರಿಸಿದ. ಗಿಡವನ್ನು ಮುಟ್ಟಲಿಲ್ಲ. ಕುಡಗೋಲು ಈಗ ನನ್ನ ಟ್ರಂಕಿನಲ್ಲಿದೆ, ಬಟ್ಟೆಗಳ ಕೆಳಗೆ.

ನಿನ್ನ ತಂಗಿ,
ಭಾರತಿ